ಬೆಂಚಿನಲ್ಲಿ ಕುಳಿತ ಎತ್ತರದ ಹುಡುಗನನ್ನು ಎಂಟು ನಿಮಿಷಕ್ಕೆ ಸಿದ್ಧಗೊಳಿಸುವ ಬಗೆ

ಕಾಲೇಜಿನಲ್ಲಿ ಪ್ರಥಮ ವರ್ಷದ ಪ್ರವೇಶಾತಿ ನಡೆಯುವ ದಿನಗಳಲ್ಲಿ ದೈಹಿಕ ಶಿಕ್ಷಣ ವಿಭಾಗದವರ ಕಣ್ಣು ಅರ್ಜಿಯ ಮೇಲೆ ನಿಲ್ಲುವುದಿಲ್ಲ, ಸಾಲಿನಲ್ಲಿ ನಿಂತವರ ತಲೆಗಳ ಮೇಲೆ ಓಡಾಡುತ್ತದೆ. ಉಳಿದವರಿಗಿಂತ ಒಂದು ಗೇಣು ಮೇಲಿರುವ ತಲೆ ಕಂಡರೆ ಹೆಸರು ಕೇಳುವುದಕ್ಕಿಂತ ಮೊದಲೇ "ಬಾಸ್ಕೆಟ್‌ಬಾಲ್ ಆಡ್ತೀಯೇನಪ್ಪಾ?" ಎಂದು ಕೇಳಿಬಿಡುತ್ತೇವೆ. ಕೊಡಗಿನಲ್ಲಿ ಅದಕ್ಕೆ ಹೆಚ್ಚಾಗಿ ಸಿಗುವ ಉತ್ತರ "ಇಲ್ಲ ಸರ್, ಹಾಕಿ" ಎಂಬುದೇ. ಕರಡದಲ್ಲಿ 1997ರಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯ ನೆರಳಿನಲ್ಲಿ ಬೆಳೆದ ಮಕ್ಕಳ ಕೈಗೆ ಮೊದಲು ಬರುವುದು ಹಾಕಿ ಸ್ಟಿಕ್. ಬಾಸ್ಕೆಟ್‌ಬಾಲ್ ಬರುವುದು ಕಾಲೇಜಿಗೆ ಬಂದ ಮೇಲೆ, ಅದೂ ಎತ್ತರದ ಕಾರಣಕ್ಕೆ. ಹೀಗೆ ತಡವಾಗಿ ಬಂದ ಹುಡುಗನನ್ನು ಮೊದಲ ಐವರಲ್ಲಿ ಇಳಿಸುವಂತಿಲ್ಲ, ಎತ್ತರವನ್ನು ನೋಡಿ ಬಿಟ್ಟುಬಿಡುವಂತೆಯೂ ಇಲ್ಲ. ಅವನು ಬೆಂಚಿನಲ್ಲಿ ಕೂರುತ್ತಾನೆ. ಅಲ್ಲಿಂದ ಅವನನ್ನು ಹೇಗೆ ಬೆಳೆಸಬೇಕು ಎಂಬುದನ್ನು, ಹಲವು ವರ್ಷ ಇದೇ ಕೆಲಸ ಮಾಡಿದ ಮತ್ತು ಒಂದೆರಡು ಹುಡುಗರನ್ನು ಅವಸರದಿಂದ ಕೆಡಿಸಿದ ಅನುಭವದಿಂದ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಸ್ಪಷ್ಟವಾಗಿರಲಿ. ಪಂದ್ಯದ ಅವಧಿ ಹತ್ತು ನಿಮಿಷಗಳ ನಾಲ್ಕು ಕ್ವಾರ್ಟರ್, ಒಟ್ಟು 40 ನಿಮಿಷ. ಹೊಸ ಹುಡುಗನಿಗೆ ಅದರಲ್ಲಿ ಸಿಗುವುದು ಹೆಚ್ಚೆಂದರೆ ಎಂಟು ನಿಮಿಷ. ವರ್ಷದ ತರಬೇತಿಯನ್ನೆಲ್ಲ ಆ ಎಂಟು ನಿಮಿಷದ ಅಳತೆಗೆ ಹೊಲಿಯಬೇಕು. ಸೆಂಟರ್, ಅಂದರೆ ರಿಂಗಿನ ಹತ್ತಿರ ಆಡುವ ಎತ್ತರದ ಆಟಗಾರ, ಕಲಿಯಬೇಕಾದ ಎಲ್ಲವನ್ನೂ ಮೊದಲ ವರ್ಷವೇ ತುರುಕಿದರೆ ಪಂದ್ಯದಲ್ಲಿ ಯಾವುದೂ ನೆನಪಿಗೆ ಬರುವುದಿಲ್ಲ. ಎಂಟು ನಿಮಿಷಕ್ಕೆ ಬೇಕಾಗುವುದು ಮೂರೇ: ನಿಂತ ಜಾಗದಲ್ಲಿ ಗಟ್ಟಿಯಾದ ಕಾಲು, ಬಂದ ಚೆಂಡನ್ನು ಬಿಡದ ಕೈ, ಫೌಲ್ ಮಾಡದ ತಾಳ್ಮೆ. ಅಂಕ ಗಳಿಸುವುದನ್ನು ಈ ಪಟ್ಟಿಯಲ್ಲಿ ಬೇಕೆಂದೇ ಸೇರಿಸಿಲ್ಲ.

ತಡವಾಗಿ ಆರಂಭಿಸಿದವನೆಂದು ಅವನೂ ನೀವೂ ಬೇಸರಪಡಬೇಕಾಗಿಲ್ಲ. ಹಕೀಂ ಒಲಾಜುವಾನ್ ನೈಜೀರಿಯಾದ ಲಾಗೋಸ್‌ನಲ್ಲಿ ಫುಟ್‌ಬಾಲ್ ಗೋಲ್‌ಕೀಪರ್ ಆಗಿ, ಹ್ಯಾಂಡ್‌ಬಾಲ್ ಆಟಗಾರನಾಗಿ ಬೆಳೆದವರು. ಬಾಸ್ಕೆಟ್‌ಬಾಲ್ ಹಿಡಿದದ್ದು ಹದಿಹರೆಯದ ನಡುವೆ. ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದ ತಂಡ ಸೇರಿದ ಮೇಲೆ ಮೊದಲ ವರ್ಷ ಪಂದ್ಯವಾಡದೆ ಅಭ್ಯಾಸದಲ್ಲೇ ಕಳೆದರು, 1981-82ರಲ್ಲಿ ಆಡತೊಡಗಿದಾಗಲೂ ಬೆಂಚಿನಿಂದ ಎದ್ದು ಬರುತ್ತಿದ್ದರು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ 1984ರ ಡ್ರಾಫ್ಟ್‌ನಲ್ಲಿ ಮೊಟ್ಟಮೊದಲ ಆಯ್ಕೆ ಅವರೇ ಆದರು. ಅವರ ಪಾದಗಳ ಚುರುಕಿಗೆ ಫುಟ್‌ಬಾಲ್ ಮತ್ತು ಹ್ಯಾಂಡ್‌ಬಾಲ್‌ಗಳೇ ಮೂಲವೆಂದು ಅವರ ಆಟವನ್ನು ಬಲ್ಲವರೆಲ್ಲ ಹೇಳುತ್ತಾರೆ. ಈಗ ನಮ್ಮ ಬೆಂಚಿನಲ್ಲಿರುವ ಹುಡುಗ ಆರಡಿ ನಾಲ್ಕು ಅಂಗುಲದವನು, ಸಿದ್ದಾಪುರದ ಕಡೆಯ ತೋಟದ ಮನೆಯವನು, ಶಾಲೆಯಲ್ಲಿ ಹಾಕಿ ಗೋಲ್‌ಕೀಪರ್. ಮೊದಲ ವಾರ ಕೆಳಗೆ ಬಂದ ಚೆಂಡನ್ನೆಲ್ಲ ಕಾಲಿನಿಂದ ಒದೆದು ದೂರ ಮಾಡುತ್ತಿದ್ದ. ಬೇಕೆಂದು ಕಾಲಿನಿಂದ ಚೆಂಡನ್ನು ತಡೆಯುವುದು ಬಾಸ್ಕೆಟ್‌ಬಾಲ್‌ನಲ್ಲಿ ನಿಯಮೋಲ್ಲಂಘನೆ ಎಂದು ಹೇಳಿದಾಗ ಅವನಿಗೆ ನಿಜವಾಗಿಯೂ ಅನ್ಯಾಯವೆನಿಸಿತ್ತು. ಆದರೆ ಅದೇ ಗೋಲ್‌ಕೀಪರ್‌ನ ಕಣ್ಣು, ಎದುರಿಗೆ ಬರುವವನ ಸೊಂಟವನ್ನು ನೋಡಿ ಅವನು ಯಾವ ಕಡೆಗೆ ತಿರುಗುತ್ತಾನೆಂದು ಊಹಿಸುವ ಕಣ್ಣು, ನನ್ನ ಐದು ವರ್ಷದ ಹಳೆಯ ಆಟಗಾರರಿಗೂ ಇರಲಿಲ್ಲ. ಹುಡುಗ ಮೊದಲು ಏನು ಆಡುತ್ತಿದ್ದ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಅಲ್ಲಿಂದ ತರಬಹುದಾದದ್ದು ಏನಾದರೂ ಇದ್ದೇ ಇರುತ್ತದೆ.

ವೈದ್ಯರಿಗೆ ತೋರಿಸದೆ ಓಡಿಸಬೇಡಿ

ಇದನ್ನು ನಮ್ಮಲ್ಲಿ ಬಹಳ ಮಂದಿ ಹಾರಿಸಿಬಿಡುತ್ತಾರೆ, ಆದ್ದರಿಂದ ಮುಂದಿಡುತ್ತಿದ್ದೇನೆ. ತೀರಾ ಎತ್ತರದ, ಉದ್ದ ಕೈಕಾಲಿನ, ನೀಳ ಬೆರಳಿನ ಯುವಕರಲ್ಲಿ ಕೆಲವರಿಗೆ ಮಾರ್ಫನ್ ಸಿಂಡ್ರೋಮ್ ಎಂಬ ವಂಶವಾಹಿ ತೊಂದರೆ ಇರಬಹುದು. ಇದರಲ್ಲಿ ದೇಹದ ಸಂಯೋಜಕ ಅಂಗಾಂಶ ದುರ್ಬಲವಾಗಿರುವುದರಿಂದ ಹೃದಯದಿಂದ ಹೊರಡುವ ಮಹಾಪಧಮನಿ ಹಿಗ್ಗಿ, ಕಠಿಣ ಶ್ರಮದ ವೇಳೆ ಹರಿಯುವ ಅಪಾಯವಿರುತ್ತದೆ. ಅಮೆರಿಕದ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ 1986ರಲ್ಲಿ ಜಪಾನಿನ ಪಂದ್ಯವೊಂದರ ನಡುವೆ ಕುಸಿದು ತೀರಿಕೊಂಡದ್ದು ಇದರಿಂದಲೇ, ಅದು ಗೊತ್ತಾದದ್ದು ಮರಣದ ನಂತರ. ಬೇಯ್ಲರ್ ವಿಶ್ವವಿದ್ಯಾಲಯದ ಸೆಂಟರ್ ಐಸಯಾ ಆಸ್ಟಿನ್ ಅವರಿಗೆ 2014ರಲ್ಲಿ, ಎನ್‌ಬಿಎ ಡ್ರಾಫ್ಟ್‌ಗೆ ಕೆಲವೇ ದಿನ ಇರುವಾಗ, ವೈದ್ಯಕೀಯ ತಪಾಸಣೆಯಲ್ಲಿ ಇದು ಪತ್ತೆಯಾಯಿತು. ಎತ್ತರವಾಗಿರುವುದೇ ರೋಗವಲ್ಲ, ಹೆದರಿಸುವ ಅಗತ್ಯವೂ ಇಲ್ಲ. ಆದರೆ ಋತು ಆರಂಭವಾಗುವ ಮೊದಲು ಹುಡುಗನನ್ನು ಹೃದಯದ ಪರೀಕ್ಷೆಗೆ ಕಳುಹಿಸಿ, ವೈದ್ಯರು ಹೇಳಿದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಮಡಿಕೇರಿಗೆ ಒಂದು ದಿನ ಹೋಗಿ ಬರುವ ಕೆಲಸ ಅಷ್ಟೆ.

ಮಂಡಿಯ ಮಾತೂ ಇದರೊಂದಿಗೇ ಸೇರಿದ್ದು. ಇನ್ನೂ ಬೆಳೆಯುತ್ತಿರುವ ಹುಡುಗ ಸಿಮೆಂಟ್ ಕೋರ್ಟ್ ಮೇಲೆ ದಿನಾ ಹಾರಿದರೆ ಮಂಡಿಚಿಪ್ಪಿನ ಕೆಳಗೆ ನೋವು ಕಾಣಿಸಿಕೊಳ್ಳುವುದು ಸಾಮಾನ್ಯ. ಅವನಾಗಿ ಹೇಳುವುದಿಲ್ಲ, ಹೇಳಿದರೆ ತಂಡದಿಂದ ತೆಗೆಯುತ್ತಾರೆಂಬ ಭಯ. ಮೆಟ್ಟಿಲು ಇಳಿಯುವಾಗ ನೋಡಿ. ಕಂಬಿ ಹಿಡಿದು ಒಂದೊಂದೇ ಕಾಲು ಇಡುತ್ತಿದ್ದರೆ ಆ ವಾರ ಹಾರುವ ಅಭ್ಯಾಸವನ್ನು ನಿಲ್ಲಿಸಿ, ನೋವು ಬಿಡದಿದ್ದರೆ ವೈದ್ಯರಿಗೆ ತೋರಿಸಿ.

ಮಳೆಗಾಲವೇ ಕಾಲಿನ ಕಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬಯಲು ಕೋರ್ಟ್ ನಮ್ಮದಲ್ಲ, ಪಾಚಿಯದ್ದು. ಬ್ಲೀಚಿಂಗ್ ಪೌಡರ್ ಎರಚಿ ಕಡ್ಡಿ ಪೊರಕೆಯಿಂದ ಉಜ್ಜಿ ಒಂದು ದಿನ ಆಡಿದರೆ ಮೂರನೆಯ ದಿನ ಮತ್ತೆ ಹಸಿರು. ಬಯಲುಸೀಮೆಯ ಕಾಲೇಜುಗಳು ಆ ತಿಂಗಳುಗಳಲ್ಲಿ ಶೂಟಿಂಗ್ ಅಭ್ಯಾಸ ನಡೆಸುತ್ತಿರುತ್ತವೆ ಎಂಬುದನ್ನು ನೆನೆದು ನಾನು ಹಿಂದೆ ಕೈಕೈ ಹಿಸುಕಿಕೊಳ್ಳುತ್ತಿದ್ದೆ. ಈಗ ಹಾಗಿಲ್ಲ. ಎತ್ತರದ ಹುಡುಗನಿಗೆ ಮೊದಲು ಬೇಕಾದದ್ದಕ್ಕೆ ರಿಂಗೂ ಬೇಡ, ಕೋರ್ಟೂ ಬೇಡ. ಕಾಲೇಜಿನ ಉದ್ದ ವರಾಂಡ ಸಾಕು.

ಬೇಗ ಬೆಳೆದ ಹುಡುಗನ ತೊಂದರೆಯೆಂದರೆ, ಅವನ ಕಾಲು ಎಲ್ಲಿ ಮುಗಿಯುತ್ತದೆಂದು ಅವನಿಗೇ ಸರಿಯಾಗಿ ಗೊತ್ತಿರುವುದಿಲ್ಲ. 1940ರ ದಶಕದಲ್ಲಿ ಅಮೆರಿಕದ ಡಿಪಾಲ್ ವಿಶ್ವವಿದ್ಯಾಲಯಕ್ಕೆ ಬಂದ ಜಾರ್ಜ್ ಮೈಕನ್ ಆರಡಿ ಹತ್ತು ಅಂಗುಲ ಎತ್ತರದ, ದಪ್ಪ ಕನ್ನಡಕದ, ತೀರಾ ಒಡ್ಡೊಡ್ಡು ನಡೆಯ ಯುವಕರಾಗಿದ್ದರು. ತರಬೇತುದಾರ ರೇ ಮೇಯರ್ ಅವರಿಗೆ ಹಗ್ಗದಾಟ ಆಡಿಸಿದರು, ಬಾಕ್ಸಿಂಗ್ ಕಲಿಸಿದರು, ನೃತ್ಯವನ್ನೂ ಕಲಿಸಿದರು. ಅದೇ ಮೈಕನ್ ಮುಂದೆ ರಿಂಗಿನ ಕೆಳಗೆ ಎಷ್ಟು ಪ್ರಬಲರಾದರೆಂದರೆ ಎನ್‌ಬಿಎ 1951ರಲ್ಲಿ ರಿಂಗಿನ ಮುಂದಿನ ಬಣ್ಣದ ಅಂಕಣವನ್ನು ಆರಡಿಯಿಂದ ಹನ್ನೆರಡು ಅಡಿಗೆ ಅಗಲಿಸಬೇಕಾಯಿತು.

ನೃತ್ಯದ ಮೇಷ್ಟರನ್ನು ನಾವು ಎಲ್ಲಿಂದಲೂ ಕರೆಸಬೇಕಾಗಿಲ್ಲ. ಮದುವೆಮನೆಯಲ್ಲಿ ವಾಲಗ ಮೊಳಗಿದ ಕೂಡಲೇ ಕುಣಿಯಲು ಇಳಿಯುವ ಹುಡುಗನ ಪಾದಗಳನ್ನು ಒಮ್ಮೆ ನೋಡಿ: ಮಂಡಿ ಸ್ವಲ್ಪ ಬಾಗಿರುತ್ತದೆ, ಭಾರ ಪಾದದ ಮುಂಭಾಗದಲ್ಲಿರುತ್ತದೆ, ಒಂದು ಕಾಲಿನಿಂದ ಇನ್ನೊಂದಕ್ಕೆ ಸದ್ದಿಲ್ಲದೆ ದಾಟುತ್ತಿರುತ್ತದೆ. ಡಿಫೆನ್ಸ್‌ನಲ್ಲಿ ಪಕ್ಕಕ್ಕೆ ಸರಿಯುವವನಿಗೆ ನಾವು ಗಂಟಲು ಹರಿಯುವಂತೆ ಕೂಗಿ ಹೇಳುವುದೂ ಇದನ್ನೇ. ನಮ್ಮ ಹುಡುಗ ವರಾಂಡದಲ್ಲಿ ಸ್ಲೈಡ್ ಮಾಡುವಾಗ ಮರದ ಬೊಂಬೆಯಂತೆ ನೆಟ್ಟಗಾಗುತ್ತಿದ್ದ. ಒಂದು ಸಂಜೆ ಸಹಪಾಠಿಯೊಬ್ಬ ಮೊಬೈಲ್‌ನಲ್ಲಿ ವಾಲಗ ಹಾಕಿದ. ಎಲ್ಲರೂ ನಕ್ಕರು, ಹುಡುಗನ ಮಂಡಿ ತಾನಾಗಿ ಬಾಗಿತು. ಅಂದಿನಿಂದ ನಮ್ಮಲ್ಲಿ ಸ್ಲೈಡ್ ಅಭ್ಯಾಸ ಅದೇ ತಾಳಕ್ಕೆ ನಡೆಯುತ್ತದೆ. ಹುತ್ತರಿ ಕೋಲಾಟ ಬಲ್ಲವನಾದರೆ ಇನ್ನೂ ಒಳ್ಳೆಯದು. ಸುತ್ತುತ್ತಲೇ ಎದುರಿನವನ ಕೋಲನ್ನು ನೋಡುತ್ತಾ ತನ್ನ ಹೆಜ್ಜೆಯನ್ನು ತಪ್ಪಿಸದಿರುವುದು ಅವನಿಗೆ ಆಗಲೇ ಬಂದಿರುತ್ತದೆ.

ವರಾಂಡದ ದಿನಚರಿ ಹೀಗಿರಲಿ. ಹಗ್ಗದಾಟ ಮೂರು ನಿಮಿಷದಂತೆ ನಾಲ್ಕು ಸಲ, ನಡುವೆ ಒಂದು ನಿಮಿಷ ಬಿಡುವು. ಬಳಿಕ ಪಿವಟ್: ಒಂದು ಪಾದವನ್ನು ನೆಲಕ್ಕೆ ಊರಿ, ಅದರ ಮುಂಭಾಗದ ಮೇಲಷ್ಟೇ ತಿರುಗುತ್ತಾ ಇನ್ನೊಂದು ಕಾಲಿನಿಂದ ಮುಂದಕ್ಕೂ ಹಿಂದಕ್ಕೂ ಹೆಜ್ಜೆ ಹಾಕುವುದು, ಊರಿದ ಪಾದ ಜಾರದಂತೆ. ಸೀಮೆಸುಣ್ಣದಿಂದ ಪಾದದ ಸುತ್ತ ಗೆರೆ ಎಳೆದರೆ ಜಾರಿದ್ದು ಅವನಿಗೇ ಕಾಣುತ್ತದೆ, ನಾವು ವಾದಿಸಬೇಕಾಗಿಲ್ಲ. ಕೊನೆಗೆ ಎರಡೂ ಕಾಲುಗಳನ್ನು ಒಟ್ಟಿಗೆ ಊರಿ ನಿಲ್ಲುವ ಅಭ್ಯಾಸ. ಹೀಗೆ ನಿಂತವನು ಯಾವ ಪಾದವನ್ನಾದರೂ ಪಿವಟ್ ಆಗಿ ಆರಿಸಿಕೊಳ್ಳಬಹುದು. ಹೊಸಬನಿಗೆ ಟ್ರಾವೆಲಿಂಗ್, ಅಂದರೆ ಚೆಂಡು ಹಿಡಿದು ನಿಯಮ ಮೀರಿ ಹೆಜ್ಜೆ ಹಾಕುವುದನ್ನು, ತಪ್ಪಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಶಕ್ತಿಯ ಬಗ್ಗೆ ಒಂದೇ ಮಾತು. ಜಿಮ್ ಇಲ್ಲವೆಂದು ಕೊರಗುವವರು ತೋಟದ ಇಳಿಜಾರನ್ನು ಹತ್ತಿ ಇಳಿದು ಬೆಳೆದ ಹುಡುಗನ ಮೀನಖಂಡವನ್ನು ಮುಟ್ಟಿ ನೋಡಬೇಕು. ಕಾಲಿಗೆ ಅಷ್ಟು ಸಾಕು. ಬೆನ್ನಿಗೂ ಸೊಂಟಕ್ಕೂ ಪ್ಲ್ಯಾಂಕ್, ತೋಳಿಗೆ ದಂಡ.

ಚೆಂಡು ಗದ್ದದ ಕೆಳಗೆ ಇಳಿಯಬಾರದು

ಎತ್ತರದ ಹುಡುಗ ಚೆಂಡನ್ನು ಎಲ್ಲರಿಗಿಂತ ಮೇಲೆ ಹಿಡಿಯುತ್ತಾನೆ, ಮರುಕ್ಷಣ ಅದನ್ನು ಸೊಂಟದ ಮಟ್ಟಕ್ಕೆ ಇಳಿಸುತ್ತಾನೆ. ಆ ಸೊಂಟದ ಮಟ್ಟದಲ್ಲಿ ಎದುರಾಳಿ ತಂಡದ ಐದೂವರೆ ಅಡಿಯ ಗಾರ್ಡ್ (ಚೆಂಡನ್ನು ನಡೆಸುವ ಆಟಗಾರ) ಕಾಯುತ್ತಿರುತ್ತಾನೆ. ನಮ್ಮ ಹುಡುಗನ ಮೊದಲ ಅಭ್ಯಾಸ ಪಂದ್ಯದಲ್ಲಿ ಇದು ಸಾಲಾಗಿ ಮೂರು ಸಲ ನಡೆಯಿತು. ಮೂರನೆಯ ಸಲ ಚೆಂಡು ಹೋದ ಮೇಲೂ ಅವನ ಎರಡು ಕೈ ಹೊಟ್ಟೆಯ ಮುಂದೆ ಖಾಲಿ ಬುಟ್ಟಿ ಹಿಡಿದಂತೆ ಹಾಗೆಯೇ ಉಳಿದಿದ್ದವು.

ಇದಕ್ಕೆ ಮದ್ದು ಒಂದೇ ಅಭ್ಯಾಸ: ಹಿಡಿದ ಕೂಡಲೇ ಚೆಂಡನ್ನು ಗದ್ದದ ಮಟ್ಟಕ್ಕೆ ತಂದು, ಎರಡೂ ಮೊಣಕೈಗಳನ್ನು ಅಗಲಿಸಿ, ಬೆರಳುಗಳು ಮೇಲ್ಮುಖವಾಗಿ ಅದನ್ನು ಹಿಂಡಿ ಹಿಡಿಯುವುದು. ಮೊಣಕೈ ಅಗಲಿಸಬೇಕೇ ಹೊರತು ಬೀಸಬಾರದು, ಬೀಸಿದರೆ ಫೌಲ್. ಪ್ರತಿ ದಿನ ಒಬ್ಬ ಗಾರ್ಡ್‌ನನ್ನು ಅವನ ಪಕ್ಕ ನಿಲ್ಲಿಸಿ, ಚೆಂಡು ಗದ್ದಕ್ಕಿಂತ ಕೆಳಗಿಳಿದಾಗಲೆಲ್ಲ ತಟ್ಟಿ ಕಸಿಯಲು ಹೇಳಿ. ಬೈಗುಳಕ್ಕಿಂತ ಇದು ಬೇಗ ಕಲಿಸುತ್ತದೆ. ಹಿಡಿಯುವ ಕೈ ಚುರುಕಾಗಲು ಮಳೆಗಾಲದಲ್ಲಿ ಟೆನಿಸ್ ಚೆಂಡನ್ನು ಗೋಡೆಗೆ ಎಸೆದು ಒಂದೊಂದೇ ಕೈಯಲ್ಲಿ ಹಿಡಿಸಿ.

ಕೋರ್ಟ್ ಒಣಗಿದ ಮೇಲೆ ಮೈಕನ್ ಹೆಸರಿನಲ್ಲೇ ಪ್ರಸಿದ್ಧವಾದ ಡ್ರಿಲ್ ಆರಂಭಿಸಿ. ಹುಡುಗ ರಿಂಗಿನ ಕೆಳಗೆ ನಿಲ್ಲಬೇಕು. ಬಲಗಡೆಯಿಂದ ಎಡಗಾಲಿನ ಮೇಲೆ ಎದ್ದು ಬಲಗೈಯಲ್ಲಿ ಬೋರ್ಡ್‌ಗೆ ತಾಗಿಸಿ ಚೆಂಡು ಹಾಕಬೇಕು, ಬಲೆಯಿಂದ ಬೀಳುವ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದು, ಗದ್ದದ ಕೆಳಗೆ ಇಳಿಸದೆ, ಎಡಗಡೆಗೆ ಹೆಜ್ಜೆ ಇಟ್ಟು ಬಲಗಾಲಿನ ಮೇಲೆ ಎದ್ದು ಎಡಗೈಯಲ್ಲಿ ಹಾಕಬೇಕು. ಬೋರ್ಡ್ ಮೇಲೆ ರಿಂಗಿನ ಹಿಂದೆ ಬಿಡಿಸಿರುವ, 59 ಸೆಂ.ಮೀ. ಅಗಲ 45 ಸೆಂ.ಮೀ. ಎತ್ತರದ ಆಯತದ ಮೇಲಿನ ಮೂಲೆಯೇ ಗುರಿ. ನಿಲ್ಲದೆ ಇಪ್ಪತ್ತು ಬುಟ್ಟಿಗೆ ಬಿದ್ದರೆ ಒಂದು ಸುತ್ತು. ಮೊದಲ ವಾರ ಎಡಗೈ ಒಪ್ಪುವುದಿಲ್ಲ, ಆಗ ಎಡಗೈಯನ್ನೇ ಎರಡು ಪಾಲು ಮಾಡಿಸಬೇಕು. ಈ ಡ್ರಿಲ್‌ನಲ್ಲಿ ಪಾದ, ಕೈ, ಉಸಿರು ಮೂರೂ ಒಟ್ಟಿಗೆ ಪಳಗುವುದರಿಂದ, ದಿನಕ್ಕೆ ಹತ್ತೇ ನಿಮಿಷ ಸಿಗುವುದಾದರೆ ನಾನು ಉಳಿದೆಲ್ಲವನ್ನೂ ಬಿಟ್ಟು ಇದನ್ನು ಮಾಡಿಸುತ್ತೇನೆ.

ರಿಂಗಿಗೆ ಬೆನ್ನು ಮಾಡಿ ಆಡುವ ಚಲನೆಗಳಲ್ಲಿ ಮೊದಲ ವರ್ಷಕ್ಕೆ ಡ್ರಾಪ್ ಸ್ಟೆಪ್ ಒಂದೇ ಸಾಕು. ಚೆಂಡು ಕೈಗೆ ಬಂದಾಗ ಎದುರಾಳಿಯ ಭಾರ ಯಾವ ಭುಜದ ಮೇಲಿದೆಯೆಂದು ಬೆನ್ನಿನಿಂದಲೇ ತಿಳಿದು, ಭಾರವಿಲ್ಲದ ಕಡೆಯ ಕಾಲನ್ನು ಹಿಂದಕ್ಕೆ ರಿಂಗಿನತ್ತ ಉದ್ದವಾಗಿ ಹಾಕಿ, ಒಂದು ಗಟ್ಟಿ ಡ್ರಿಬಲ್ ಮಾಡಿ, ಎರಡೂ ಕಾಲಿನಿಂದ ಎದ್ದು ಹಾಕುವುದು. ಹುಕ್ ಶಾಟ್, ಫೇಕ್, ಹಿಂದಕ್ಕೆ ವಾಲಿ ಹೊಡೆಯುವುದು, ಇವೆಲ್ಲ ಮೊಬೈಲ್‌ನಲ್ಲಿ ನೋಡಿ ಅವನಾಗಿಯೇ ಮಾಡಲು ಹೊರಡುತ್ತಾನೆ. ಅಭ್ಯಾಸ ಮುಗಿದ ಮೇಲೆ ಆಡಿಕೊಳ್ಳಲಿ, ಪಂದ್ಯದಲ್ಲಿ ಬೇಡ.

ಮನುಷ್ಯ ಮೊದಲು, ಚೆಂಡು ಆಮೇಲೆ

ಎತ್ತರ ಇದ್ದವನಿಗೆ ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡನ್ನು ಹಿಡಿಯುವುದು) ತಾನಾಗಿ ಬರುತ್ತದೆ ಎಂಬ ನಂಬಿಕೆ ನೋಡುಗರಲ್ಲಿದೆ, ಹುಡುಗನಲ್ಲೂ ಇರುತ್ತದೆ. ಶಾಲೆಯ ಮಟ್ಟದಲ್ಲಿ ಅದು ನಿಜವೇ. ಕಾಲೇಜು ಮಟ್ಟದಲ್ಲಿ ಎದುರಾಳಿಯ ಕುಳ್ಳ ಆದರೆ ಗಟ್ಟಿ ಫಾರ್ವರ್ಡ್ ಅವನನ್ನು ರಿಂಗಿನ ಕೆಳಕ್ಕೇ ತಳ್ಳಿಕೊಂಡು ಹೋಗಿಬಿಡುತ್ತಾನೆ, ಚೆಂಡು ರಿಂಗಿಗೆ ಬಡಿದು ಇಬ್ಬರ ತಲೆಯ ಮೇಲಿಂದ ದೂರ ಸಿಡಿಯುತ್ತದೆ. ಬಾಕ್ಸ್ ಔಟ್ ಕಲಿಸುವಾಗ ನಾನು ಚೆಂಡನ್ನೇ ತೆಗೆದಿಡುತ್ತೇನೆ. "ಶಾಟ್!" ಎಂದು ಕೂಗಿದ ಕೂಡಲೇ ಹುಡುಗ ತನ್ನ ಎದುರಾಳಿಯನ್ನು ಹುಡುಕಬೇಕು, ಮುಂಗೈಯಿಂದ ಅವನಿರುವ ಜಾಗವನ್ನು ಮುಟ್ಟಿ ತಿಳಿಯಬೇಕು, ತಿರುಗಿ ಅವನ ತೊಡೆಯ ಮೇಲೆ ಕೂರುವಂತೆ ಸೊಂಟ ತಗ್ಗಿಸಿ ಕಾಲು ಅಗಲಿಸಬೇಕು, ಮೂರು ಎಣಿಸುವವರೆಗೆ ಅವನನ್ನು ಬಣ್ಣದ ಅಂಕಣದ ಹೊರಗೆ ತಡೆದಿಡಬೇಕು. ಆ ಮೇಲೆ ಚೆಂಡು. ಮೂಲೆಯಿಂದ ಹೊಡೆದು ತಪ್ಪಿದ ಚೆಂಡು ಹೆಚ್ಚಾಗಿ ಎದುರು ಬದಿಗೆ ಬೀಳುತ್ತದೆ ಎಂಬುದನ್ನೂ ಹೇಳಿಕೊಡಿ.

ಇಲ್ಲೊಂದು ನಿಯಮದ ಸೂಕ್ಷ್ಮವನ್ನು ಹೇಳಲೇಬೇಕು, ಏಕೆಂದರೆ ಎನ್‌ಬಿಎ ನೋಡಿ ಬೆಳೆದ ಹುಡುಗರು ಇದರಲ್ಲಿ ತಪ್ಪುತ್ತಾರೆ. ನಾವು ಆಡುವ ಅಂತರರಾಷ್ಟ್ರೀಯ ನಿಯಮದ ಪ್ರಕಾರ, ಹೊಡೆದ ಚೆಂಡು ರಿಂಗಿನ ಮಟ್ಟಕ್ಕಿಂತ ಮೇಲಿದ್ದು ಇಳಿಯುತ್ತಿರುವಾಗ ಮುಟ್ಟಿದರೆ ಗೋಲ್ ಟೆಂಡಿಂಗ್ ಎಂಬ ನಿಯಮೋಲ್ಲಂಘನೆ. ಆದರೆ ಆಟದ ನಡುವಿನ ಶಾಟ್ ಒಮ್ಮೆ ರಿಂಗಿಗೆ ಬಡಿದು ಮೇಲೆ ಪುಟಿಯಿತೆಂದರೆ, ಅದು ರಿಂಗಿನ ನೇರ ಮೇಲೆಯೇ ಇದ್ದರೂ ತಟ್ಟಿ ಹಾಕಬಹುದು ಅಥವಾ ತಟ್ಟಿ ತೆಗೆಯಬಹುದು. ಎನ್‌ಬಿಎಯಲ್ಲಿ ಹಾಗೆ ಮಾಡುವಂತಿಲ್ಲ. ರಿಂಗಿನ ಎತ್ತರ 3.05 ಮೀಟರ್, ಆರಡಿ ನಾಲ್ಕು ಅಂಗುಲದ ಹುಡುಗ ಕೈಯೆತ್ತಿ ಹಾರಿದರೆ ಆ ಅವಕಾಶ ಅವನಿಗುಂಟು, ಎದುರಾಳಿಯ ಉಳಿದ ನಾಲ್ವರಿಗಿಲ್ಲ.

ಫೌಲ್: ನನ್ನದೇ ತಪ್ಪಿನ ಒಂದು ಉದಾಹರಣೆ

ಕೆಲವು ವರ್ಷಗಳ ಹಿಂದೆ, ಇನ್ನೊಬ್ಬ ಎತ್ತರದ ಹುಡುಗನನ್ನು ಅಂತರ ಕಾಲೇಜು ಪಂದ್ಯವೊಂದರ ಎರಡನೆಯ ಕ್ವಾರ್ಟರ್‌ನಲ್ಲಿ ಏಕಾಏಕಿ ಇಳಿಸಿದೆ. ಯಾರನ್ನು ತಡೆಯಬೇಕೆಂದು ಹೇಳಲಿಲ್ಲ, ಆ ಕ್ವಾರ್ಟರ್‌ನಲ್ಲಿ ನಮ್ಮ ತಂಡದ ಫೌಲ್ ಎಷ್ಟಾಗಿದೆಯೆಂದೂ ಹೇಳಲಿಲ್ಲ. ನಲವತ್ತು ಸೆಕೆಂಡಿನೊಳಗೆ ಅವನು ಎರಡು ಫೌಲ್ ಮಾಡಿದ. ಮೊದಲನೆಯದು ಶಾಟ್ ಹೊಡೆಯುವವನ ತೋಳಿನ ಮೇಲೆ, ಎರಡನೆಯದು ರೀಬೌಂಡ್‌ನಲ್ಲಿ ಬೆನ್ನಿನ ಮೇಲೆ. ಮೊದಲನೆಯದು ಶಾಟ್ ಮೇಲಿನದಾದ್ದರಿಂದ, ಎರಡನೆಯದು ಆ ಕ್ವಾರ್ಟರ್‌ನಲ್ಲಿ ನಮ್ಮ ತಂಡದ ಫೌಲ್ ಆಗಲೇ ನಾಲ್ಕು ದಾಟಿದ್ದರಿಂದ, ಎರಡಕ್ಕೂ ಎದುರಾಳಿಗೆ ಎರಡೆರಡು ಫ್ರೀ ಥ್ರೋ ಸಿಕ್ಕಿತು. ನಾನು ಸಿಟ್ಟಿನಿಂದ ಅವನನ್ನು ವಾಪಸು ಕರೆದೆ. ಆ ಋತುವಿಡೀ ಅವನು ಕೈಯನ್ನು ದೇಹಕ್ಕೆ ಅಂಟಿಸಿಕೊಂಡೇ ಆಡಿದ, ಮರುವರ್ಷ ಬರಲಿಲ್ಲ. ತಪ್ಪು ಕೋರ್ಟ್‌ನಲ್ಲಿದ್ದವನದಲ್ಲ, ಬೆಂಚಿನ ಮುಂದೆ ನಿಂತಿದ್ದವನದು.

ಆಟಗಾರನೊಬ್ಬನಿಗೆ ಐದು ಫೌಲ್‌ಗಳ ಮಿತಿ ಇದೆ, ಐದನೆಯದಕ್ಕೆ ಅವನು ಹೊರಗೆ. ಎಂಟು ನಿಮಿಷದವನಿಗೆ ಐದು ಫೌಲ್ ಧಾರಾಳವಾಯಿತಲ್ಲ ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಹಾಗೆ ಹೇಳಿಕೊಟ್ಟರೆ ಅವನು ಐದನ್ನೂ ಖರ್ಚು ಮಾಡಿ ಬರುತ್ತಾನೆ. ಕಲಿಸಬೇಕಾದದ್ದು ಗೋಡೆಯಾಗುವುದನ್ನು. ತಾನು ನ್ಯಾಯವಾಗಿ ನಿಂತ ಜಾಗದಿಂದ ಕೈಗಳನ್ನು ನೇರ ಮೇಲೆತ್ತಿ, ನೇರ ಮೇಲಕ್ಕೆ ಹಾರಿದವನಿಗೆ ಎದುರಾಳಿಯೇ ಬಂದು ಬಡಿದರೆ ಫೌಲ್ ಅವನದಲ್ಲ. ಆ ಸಿಲಿಂಡರ್‌ನಷ್ಟು ಜಾಗ ನಿಯಮದ ಪ್ರಕಾರ ಅವನದೇ. ಕೈ ಮುಂದಕ್ಕೆ ಬಾಗಿ ಕೆಳಗಿಳಿದ ಕ್ಷಣ ಆ ರಕ್ಷಣೆ ಹೋಯಿತು. ಎಲ್ಲ ಚೆಂಡನ್ನೂ ಬ್ಲಾಕ್ ಮಾಡುವ ಆಸೆ ಎಳೆಯ ಸೆಂಟರ್‌ಗೆ ಸಹಜ, ನೋಡುವವರು ಶಿಳ್ಳೆ ಹಾಕುವುದೂ ಅದಕ್ಕೇ. ಅಭ್ಯಾಸದಲ್ಲಿ ಅವನ ಕುತ್ತಿಗೆಗೆ ಟವೆಲ್ ಹಾಕಿ, ಎರಡು ತುದಿಯನ್ನೂ ಎರಡು ಕೈಯಲ್ಲಿ ಹಿಡಿಸಿ ಡಿಫೆನ್ಸ್ ಆಡಿಸಿ. ಕೈ ಚಾಚಲಾಗದಾಗ ಪಾದ ಕೆಲಸ ಮಾಡತೊಡಗುತ್ತದೆ. ಸ್ಕ್ರೀನ್ ಹಾಕುವಾಗ, ಅಂದರೆ ನಮ್ಮ ಗಾರ್ಡ್‌ನನ್ನು ಬೆನ್ನಟ್ಟುವವನ ದಾರಿಗೆ ಅಡ್ಡ ನಿಲ್ಲುವಾಗ, ಗಾರ್ಡ್ ತನ್ನ ಭುಜ ದಾಟುವವರೆಗೆ ಕಂಬದಂತೆ ನಿಲ್ಲಲು ಹೇಳಿ. ಹೊಸಬರ ಮೂರನೆಯ ಫೌಲ್ ಹೆಚ್ಚಾಗಿ ಅಲ್ಲಿಯೇ ಆಗುವುದು.

ಬೆಂಚೂ ಒಂದು ಜಾಗವೇ

ಬೆಂಚಿನಲ್ಲಿ ಕುಳಿತವನಿಗೆ ಕೆಲಸ ಕೊಡದಿದ್ದರೆ ಅವನು ಪ್ರೇಕ್ಷಕನಾಗುತ್ತಾನೆ, ಪ್ರೇಕ್ಷಕನನ್ನು ಎಬ್ಬಿಸಿ ಕಣಕ್ಕಿಳಿಸಿದರೆ ಮೇಲೆ ಹೇಳಿದ ನಲವತ್ತು ಸೆಕೆಂಡೇ ಗತಿ. ನಾನು ಈಗ ಎತ್ತರದ ಹುಡುಗನನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ. ಎದುರಾಳಿ ಸೆಂಟರ್ ಯಾವ ಭುಜದ ಮೇಲಿಂದ ತಿರುಗುತ್ತಾನೆ, ಚೆಂಡನ್ನು ಯಾವ ಜಾಗದಲ್ಲಿ ಕೇಳುತ್ತಾನೆ, ಅವನ ಫೌಲ್ ಎಷ್ಟಾಯಿತು, ಈ ಮೂರನ್ನು ಅವನು ನನಗೆ ಹೇಳುತ್ತಿರಬೇಕು. ನಾಲ್ಕಾರು ನಿಮಿಷದಲ್ಲಿ ಅವನು ನನಗಿಂತ ಚೆನ್ನಾಗಿ ನೋಡಿರುತ್ತಾನೆ. ಗೋಲ್‌ಕೀಪರ್‌ನ ಕಣ್ಣು ಎಂದೆನಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಮಡಿಕೇರಿಯ ಸಂಜೆಯಲ್ಲಿ ಇನ್ನೊಂದು ಎಚ್ಚರ ಬೇಕು. ಸಾವಿರ ಮೀಟರಿಗೂ ಮೇಲಿರುವ ಊರು, ಮಂಜು ಇಳಿಯತೊಡಗಿದರೆ ಇಪ್ಪತ್ತು ನಿಮಿಷ ಕುಳಿತವನ ಮೈ ಕಲ್ಲಾಗುತ್ತದೆ. ಜರ್ಕಿನ್ ತೆಗೆಯಬಾರದು, ಕೂತಲ್ಲೇ ಪಾದ ತಿರುಗಿಸುತ್ತಿರಬೇಕು, ಕ್ವಾರ್ಟರ್‌ಗಳ ನಡುವಿನ ಎರಡು ನಿಮಿಷದಲ್ಲಿ ಉಳಿದವರು ನೀರು ಕುಡಿಯುವಾಗ ಅವನು ಎದ್ದು ಹಾರಿ ಮೈ ಬಿಸಿ ಮಾಡಿಕೊಳ್ಳಬೇಕು. ಶೂ ಲೇಸ್ ಕಟ್ಟಿಯೇ ಇರಬೇಕು. ಕರೆದ ಮೇಲೆ ಲೇಸ್ ಕಟ್ಟಲು ಬಗ್ಗುವ ಹುಡುಗನನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಕರೆದಾಗ ಅವನು ನೇರವಾಗಿ ಕೋರ್ಟ್‌ಗೆ ಓಡುವಂತಿಲ್ಲ. ತಾನೇ ಸ್ಕೋರರ್ ಮೇಜಿಗೆ ಹೋಗಿ ಬದಲಾವಣೆ ಕೇಳಿ, ಅಲ್ಲಿ ಬದಲಿ ಆಟಗಾರರಿಗಿಟ್ಟ ಕುರ್ಚಿಯಲ್ಲಿ ಕುಳಿತು, ಚೆಂಡು ನಿಂತು ರೆಫರಿ ಕೈಸನ್ನೆ ಮಾಡಿದ ಮೇಲೆಯೇ ಒಳಗೆ ಹೋಗಬೇಕು. ಆ ಕುರ್ಚಿಯ ಮೇಲೆ ಕಳೆಯುವ ಅರ್ಧ ನಿಮಿಷ ಬಹಳ ಬೆಲೆಯುಳ್ಳದ್ದು. ಆಗ ಅವನು ಮೂರು ಮಾತನ್ನು ಬಾಯಿಬಿಟ್ಟು ಹೇಳಬೇಕೆಂದು ನಿಯಮ ಮಾಡಿದ್ದೇನೆ: ತಾನು ತಡೆಯಬೇಕಾದವನ ಜೆರ್ಸಿ ಸಂಖ್ಯೆ, ನಮ್ಮ ತಂಡದ ಫೌಲ್ ಎಣಿಕೆ, ನಾವು ಆಡುತ್ತಿರುವುದು ಮ್ಯಾನ್ ಟು ಮ್ಯಾನೋ (ಒಬ್ಬೊಬ್ಬರು ಒಬ್ಬೊಬ್ಬನನ್ನು ತಡೆಯುವುದು) ಜೋನೋ (ತಂತಮ್ಮ ಜಾಗ ಕಾಯುವುದು) ಎಂಬುದು. ಒಳಗೆ ಹೋದ ಮೊದಲ ಒಂದು ನಿಮಿಷ ಶಾಟ್ ಯೋಚನೆ ಬೇಡ. ಓಡಿ ಹಿಂದಿರುಗು, ಬಾಕ್ಸ್ ಔಟ್ ಮಾಡು, ಒಂದು ಗಟ್ಟಿ ಸ್ಕ್ರೀನ್ ಹಾಕು. ಮೈ ಬೆವರಿ ಕೋರ್ಟ್ ತನ್ನದೆನಿಸಿದ ಮೇಲೆ ಉಳಿದದ್ದು.

ಯಾವಾಗ ಇಳಿಸಬೇಕು ಎಂಬುದು ತರಬೇತುದಾರನ ಕೈಯಲ್ಲಿರುವ ಸಂಗತಿ. ಮೊದಲ ಕ್ವಾರ್ಟರ್‌ನ ಕೊನೆಯ ಎರಡು ನಿಮಿಷ ಮತ್ತು ಎರಡನೆಯದರ ಮೊದಲ ಎರಡು ನಿಮಿಷ ನನಗೆ ಸರಿಹೋಗಿದೆ. ನಡುವೆ ಬಿಡುವು ಸಿಗುವುದರಿಂದ ಒಂದು ಮಾತು ತಿದ್ದಬಹುದು, ಎದುರಾಳಿಯ ಮುಖ್ಯ ಸೆಂಟರ್ ಕೂಡ ಹೆಚ್ಚಾಗಿ ಆಗಲೇ ದಣಿವಾರಿಸಿಕೊಳ್ಳುತ್ತಾನೆ. ಜೊತೆಗೆ ತಂಡದ ಅತ್ಯಂತ ಅನುಭವಿ ಗಾರ್ಡ್ ಇರಲೇಬೇಕು. ಎತ್ತರದ ಕೈಗೆ ಸರಿಯಾದ ಹೊತ್ತಿಗೆ ಚೆಂಡು ಕೊಡಬಲ್ಲವನು ಇಲ್ಲದಿದ್ದರೆ ಎತ್ತರದಿಂದ ಪ್ರಯೋಜನವಿಲ್ಲ. "ನಾಲ್ಕು ನಿಮಿಷ ನಿನ್ನದು, ಒಂದು ತಪ್ಪಿಗೆ ತೆಗೆಯುವುದಿಲ್ಲ" ಎಂದು ಮೊದಲೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಎರಡು ಫೌಲ್ ಬೇಗ ಬಿದ್ದರೆ ಮಾತ್ರ ಕರೆಯಿರಿ, ಕರೆದವನನ್ನು ದೂರದ ತುದಿಗೆ ಕಳುಹಿಸದೆ ಮತ್ತೆ ಪಕ್ಕದಲ್ಲೇ ಕೂರಿಸಿ.

ಮನೆಯವರ ಫೋನ್ ಬರುತ್ತದೆ, ಅದಕ್ಕೂ ಸಿದ್ಧರಿರಬೇಕು. "ಅಷ್ಟು ದೂರದಿಂದ ಬಸ್ಸಿನಲ್ಲಿ ಬರ್ತಾನೆ, ಆಡಿಸುವುದು ಇಷ್ಟೇ ಹೊತ್ತಾ ಸರ್?" ಎಂದು ಕೇಳುವ ತಂದೆಗೆ ಬೆಂಚಿನಿಂದ ಬರುವುದು ಅವಮಾನವಲ್ಲವೆಂದು ತಿಳಿಸಬೇಕು. ಬೆಂಚಿನಿಂದ ಬರುವ ಶ್ರೇಷ್ಠ ಆಟಗಾರನಿಗೆ ಎನ್‌ಬಿಎ 1982-83ರಿಂದ ಪ್ರತ್ಯೇಕ ಪ್ರಶಸ್ತಿಯನ್ನೇ ಕೊಡುತ್ತಿದೆ. ಬಾಸ್ಟನ್ ತಂಡದ ಎತ್ತರದ ಆಟಗಾರ ಕೆವಿನ್ ಮೆಕ್‌ಹೇಲ್ 1984 ಮತ್ತು 1985ರಲ್ಲಿ ಸತತ ಎರಡು ಸಲ ಅದನ್ನು ಪಡೆದರು. ತಾಯಂದಿರು ಕೇಳುವುದು ಊಟದ ವಿಷಯ. ಮೊಟ್ಟೆ, ಬೇಳೆ, ಮೀನು, ಹಾಲು ಧಾರಾಳವಾಗಿರಲಿ. ಪಂದ್ಯದ ದಿನ ಬೆಳಿಗ್ಗೆ ಅಕ್ಕಿ ರೊಟ್ಟಿಯೋ ಕಡುಬೋ ಸಾಕು, ಪಂದಿ ಕರಿ ರಾತ್ರಿಗೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮನೆಗೆ ಅವನ ಕೈ ಬೇಕಾಗುತ್ತದೆ, ಅದನ್ನು ಒಪ್ಪಿಕೊಂಡೇ ಅಭ್ಯಾಸದ ವೇಳೆ ಹಾಕಿ. ಬೆಳಗಿನಿಂದ ಚೀಲ ಹೊತ್ತು ಬಂದವನಿಗೆ ಅಂದು ಸಂಜೆ ಹಾರುವ ಅಭ್ಯಾಸ ಬೇಡ, ಫ್ರೀ ಥ್ರೋ ಸಾಕು. ಬೋರ್ಡ್‌ನಿಂದ 4.6 ಮೀಟರ್ ದೂರದ ಆ ಗೆರೆಯಲ್ಲಿ ದಣಿದ ತೋಳಿನಿಂದ ಹಾಕಿ ಕಲಿತದ್ದೇ ಪಂದ್ಯದ ಕೊನೆಯಲ್ಲಿ ಉಳಿಯುತ್ತದೆ.

ಇನ್ನು ದಾಖಲೆ. ಸ್ಕೋರ್‌ಶೀಟ್ ಅಂಕವನ್ನೂ ಫೌಲನ್ನೂ ಮಾತ್ರ ಹೇಳುತ್ತದೆ, ಎಂಟು ನಿಮಿಷದವನ ಕೆಲಸ ಅದರಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಒಂದು ನೂರು ಪುಟದ ನೋಟ್‌ಬುಕ್ ಇಟ್ಟು, ಆಡದ ಹುಡುಗನೊಬ್ಬನಿಗೆ ಬರೆಯಲು ಹೇಳಿ: ಎಷ್ಟು ಶಾಟ್‌ಗೆ ಬಾಕ್ಸ್ ಔಟ್ ಮಾಡಿದ, ಎಷ್ಟು ಪಾಸ್ ಹಿಡಿದ, ಎಷ್ಟು ಬಿಟ್ಟ, ಸ್ಕ್ರೀನ್ ಎಷ್ಟು, ಫೌಲ್ ಯಾವ ಬಗೆಯದು. ಮೂರು ನಾಲ್ಕು ಪಂದ್ಯಗಳಲ್ಲಿ ಈ ಲೆಕ್ಕ ಸ್ಥಿರವಾಗಿ ಏರಿದರೆ ಎಂಟು ನಿಮಿಷವನ್ನು ಹನ್ನೆರಡು ಮಾಡಿ. ಮೊದಲ ಐವರಲ್ಲಿ ಇಳಿಸುವ ಮಾತು ಎರಡನೆಯ ವರ್ಷಕ್ಕಿರಲಿ. ನಮ್ಮ ಹುಡುಗನ ಕಳೆದ ಪಂದ್ಯದ ಪುಟ ನನ್ನ ಮುಂದಿದೆ: ಒಂಬತ್ತು ನಿಮಿಷ, ಎರಡು ಅಂಕ, ಎರಡು ಫೌಲ್, ಹನ್ನೊಂದು ಶಾಟ್‌ಗಳಲ್ಲಿ ಎಂಟಕ್ಕೆ ಬಾಕ್ಸ್ ಔಟ್. ತಪ್ಪಿದ ಮೂರರ ಎದುರಿಗೆ ಅವನೇ ಪೆನ್ಸಿಲಿನಲ್ಲಿ, ತನ್ನನ್ನು ದಾಟಿ ಹೋದವರ ಜೆರ್ಸಿ ಸಂಖ್ಯೆಗಳನ್ನು ಬರೆದಿಟ್ಟಿದ್ದಾನೆ.